ನಾನಿಲ್ಲದೆ ನಡೆಯದು ಎಂದವನ ಬಡ್ತಿ

ಒಂದು ಊರಿನ ದೊಡ್ಡ ಆಸ್ಪತ್ರೆ. ಅಲ್ಲಿಯ ಕಂಪ್ಯೂಟರುಗಳನ್ನೆಲ್ಲ ಒಂದಕ್ಕೊಂದು ಜೋಡಿಸಿ ನಡೆಸುವ ನೆಟ್‌ವರ್ಕ್ ಅಧಿಕಾರಿ ಒಬ್ಬನಿದ್ದ, ಗುರುಸಿದ್ಧ ಅಂತ. ಮಹಾ ಬುದ್ಧಿವಂತ. ಯಾವ ತಂತಿ ಎಲ್ಲಿಗೆ ಹೋಗುತ್ತದೆ, ಯಾವ ಯಂತ್ರಕ್ಕೆ ಯಾವ ಪಾಸ್‌ವರ್ಡ್, ಎಲ್ಲವೂ ಅವನ ತಲೆಯಲ್ಲೇ. ಬೇರೆ ಯಾರ ತಲೆಗೂ ಆ ಭಾರ ಕೊಡಲಿಲ್ಲ. ಎಂಥ ಕರುಣೆ ನೋಡಿ!

ಅವನ ಕೋಣೆಯಲ್ಲೇ, ಅವನ ಕೈಕೆಳಗೆ ಕೆಲಸಕ್ಕಿದ್ದ ದಾಕ್ಷಾಯಿಣಿ ಒಂದು ದಿನ ಕೇಳಿದಳು, “ಸರ್, ಇದನ್ನ ನನಗೂ ಒಂಚೂರು ಕಲಿಸ್ರಿ. ನೀವಿಲ್ಲದಾಗ ಅನುಕೂಲ ಆಗ್ತದ.”

ನೀವಿಲ್ಲದಾಗ! ಗುರುಸಿದ್ಧನ ಕಿವಿಗೆ ಬಿದ್ದದ್ದು ಆ ಒಂದೇ ಮಾತು. ಆದರೂ ನಕ್ಕ. “ನಾ ಎಲ್ಲಿಗೆ ಹೋಗ್ತೀನ್ರೀ ಮೇಡಂ? ನಿಮಗ್ಯಾಕ ಈ ತಲಿಬ್ಯಾನಿ? ನೀವು ಪ್ರಿಂಟರಿಗೆ ಕಾಗದ ಹಾಕ್ರಿ, ಸಾಕು.”

ಹೋಗಲಿ, ಅವನಾದರೂ ಸುಖವಾಗಿದ್ದನೇ? ತಂಗಿಯ ಮದುವೆಯಲ್ಲಿ ಸರಿಯಾಗಿ ಅಕ್ಕಿಕಾಳು ಹಾಕುವ ಹೊತ್ತಿಗೆ ಫೋನು ಬಂತು. ಔಷಧಿ ಕೌಂಟರಿನ ಕಂಪ್ಯೂಟರ್ ನಿಂತಿದೆ. ಬಂಧುಬಳಗವೆಲ್ಲ ಮಂಟಪದ ಮುಂದಿದ್ದರೆ ಇವನು ಛತ್ರದ ಹಿಂದೆ, ಪಾತ್ರೆ ತೊಳೆಯುವವರ ನಡುವೆ ನಿಂತು, “ಕೆಂಪು ಲೈಟ್ ಹತ್ತೇದೇನು? ಆರಿಸಿ ಹಚ್ರಿ!” ಎಂದು ಕೂಗುತ್ತಿದ್ದ. ಆಮೇಲೆ ಬಂದು ಹೆಂಡತಿಗೆ ಹೇಳಿದ, “ನೋಡಿದ್ಯಾ, ನಾ ಇಲ್ಲಂದ್ರ ಅಲ್ಲಿ ಏನೂ ನಡಿಯೂದಿಲ್ಲ.”

“ಖರೇ ಅದರಿ,” ಅಂದಳು ಆಕೆ. “ಇಲ್ಲಿ ಮಾತ್ರ ನೀವಿಲ್ಲದ ಮದುವಿ ನಡದುಹೋತು.”

ಅವನಿಗೂ ಒಂದು ಆಸೆಯಿತ್ತು. ಸಾಫ್ಟ್‌ವೇರ್ ಎಂಜಿನಿಯರ್ ಆಗಬೇಕು. ರಜೆಯ ದಿನಗಳಲ್ಲೆಲ್ಲ ಕೂತು ಕಲಿತಿದ್ದ. ಆಸ್ಪತ್ರೆಯಲ್ಲೇ ಆ ಹುದ್ದೆ ಬಂದಾಗ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ದೊಡ್ಡ ಡಾಕ್ಟರರ ಮುಂದೆ ನಿಂತ.

“ನಿಮ್ಮಷ್ಟು ಯೋಗ್ಯರು ಯಾರೂ ಇಲ್ಲ ಬಿಡ್ರಿ,” ಅಂದರು ಡಾಕ್ಟರು. ಗುರುಸಿದ್ಧ ಹಿಗ್ಗಿದ. “ಆದ್ರ ನಿಮ್ಮನ್ನ ಅಲ್ಲಿಂದ ಬಿಡಿಸಿದ್ರ ಆಸ್ಪತ್ರಿನ ನಿಲ್ತದಲ್ರೀ. ನೀವ ಎಲ್ಲಾರಿಗೂ ಹೇಳ್ಕೋತ ಬಂದೀರಿ.”

ಹಾಗಾದರೆ ಆ ಹುದ್ದೆ ಯಾರಿಗೆ ಹೋಯಿತು? ದಾಕ್ಷಾಯಿಣಿಗೆ! ಇವನು ಏನೂ ಕಲಿಸದೆ ಖಾಲಿ ಕೂರಿಸಿದ್ದನಲ್ಲ, ಆ ಹೊತ್ತಿನಲ್ಲಿ ಆಕೆ ಸಾಫ್ಟ್‌ವೇರ್ ಕಲಿತುಬಿಟ್ಟಿದ್ದಳು.

“ಬರ್ತೀನ್ರಿ ಸರ್,” ಎಂದು ಆಕೆ ಹೊರಟಾಗ ಗುರುಸಿದ್ಧ ತಲೆ ಎತ್ತಲಿಲ್ಲ. “ನಿಮ್ಮ ಜಾಗಾಕ್ಕ ಬರೋರನ್ನ ಲಗೂನ ಕಳಿಸ್ಲಿಕ್ಕೆ ಹೇಳ್ರಿ ಮೇಡಂ. ಅವರಿಗೆ ಕಲಿಸೂದು ಭಾಳ ಅದ,” ಎಂದ. ಬುದ್ಧಿ ಬಂತು, ಬಡ್ತಿ ಹೋದ ಮೇಲೆ.

ಭಕ್ತರೇ, ಕಥೆ ಕೇಳಿ ನಗುತ್ತಿದ್ದೀರಿ. ನಗಿ, ನಗಿ. ತಾಯಂದಿರೇ, ಹೋಳಿಗೆಯ ಹೂರಣದ ಹದ ಸೊಸೆಗೆ ಹೇಳಿಕೊಟ್ಟಿದ್ದೀರಾ? ಇಲ್ಲ. ಆಮೇಲೆ “ಹಬ್ಬದ ದಿನಾನೂ ಒಲಿ ಮುಂದ ನಾನ ಸಾಯಬೇಕ್ರೀ ಬುದ್ದಿ” ಅಂತ ನನ್ನ ಹತ್ತಿರ ಬಂದು ಅಳುತ್ತೀರಿ. ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತ ನಮ್ಮ ಮಠದ ಕಮಿಟಿ ಅಧ್ಯಕ್ಷರೂ ನಗುತ್ತಿದ್ದಾರೆ. ಮೈಕಿನ ಕೋಣೆಯ ಕೀಲಿ ಯಾವಾಗಲೂ ಅವರ ಜೇಬಿನಲ್ಲೇ ಇರಬೇಕಂತೆ. ಹೋದ ಸೋಮವಾರ ಅವರು ಬೀಗರ ಊಟಕ್ಕೆ ಹೋದರು. ನಾನಿಲ್ಲಿ ಮೈಕಿಲ್ಲದೆ ಪ್ರವಚನ ಹೇಳಿ ಗಂಟಲು ಹರಿದುಕೊಂಡೆ.

ಇವತ್ತು ಮನೆಗೆ ಹೋಗಿ, ನಿಮಗೊಬ್ಬರಿಗೇ ಗೊತ್ತಿರುವ ಒಂದು ಕೆಲಸವನ್ನು ಇನ್ನೊಬ್ಬರಿಗೆ ಹೇಳಿಕೊಡಿ. ಅವರು ತಪ್ಪು ಮಾಡುತ್ತಾರೆ. ಮಾಡಲಿ. ಕೈಯಿಂದ ಕಸಿದುಕೊಳ್ಳಬೇಡಿ. ಪಕ್ಕದಲ್ಲಿ ಸುಮ್ಮನೆ ಕೂತಿರಿ.