ಸೊಸೆಯ ಅರ್ಜಿಯಲ್ಲಿದ್ದ ಎರಡನೇ ನಂಬರು

ಹೆಸರು ಅಕ್ಕಯಮ್ಮ ಕೋಂ ಗಂಗಣ್ಣ, ವಯಸ್ಸು 58 ವರ್ಷ, ಒಕ್ಕಲುತನ ಮತ್ತು ಹಸು ಸಾಕಣೆ, ವಾಸ ನಲ್ಲೂರು ಗ್ರಾಮ, ದೇವನಹಳ್ಳಿ ತಾಲ್ಲೂಕು, ಬೆಂಗಳೂರು ಗ್ರಾಮಾಂತರ ಜಿಲ್ಲೆ. ದಿನಾಂಕ 17-09-2025ರ ಮಧ್ಯಾಹ್ನ 2.40ಕ್ಕೆ ನಾನಾಗಿಯೇ ದೇವನಹಳ್ಳಿ ಪೊಲೀಸ್ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ನಿನ್ನೆ ನಾನು ಕೊಟ್ಟ ದೂರು ತಪ್ಪು. ಮೋಸ ಮಾಡಿದವರು ಯಾರೂ ಇಲ್ಲ. ಕೆಲಸ ಕೆಡಿಸಿದವಳು ನಾನೇ.

ನನ್ನ ಮಗ ಬೈರೇಶನ ಹೆಂಡತಿ ರಮ್ಯ ಬಿ.ಕಾಂ ಓದಿದವಳು. ಮಗುವಾದ ಮೇಲೆ ಆರು ವರ್ಷದಿಂದ ಮನೆಯಲ್ಲಿದ್ದಾಳೆ. ಮನೆಯಲ್ಲಿ ಎಂದರೆ ಸುಮ್ಮನೆ ಕೂತಿಲ್ಲ. ಊರಿನ ಹಾಲಿನ ಡೈರಿಯಲ್ಲಿ ಎರಡು ಹೊತ್ತೂ 140 ಜನರ ಹಾಲಿನ ಲೆಕ್ಕವನ್ನು ಕಂಪ್ಯೂಟರಿಗೆ ಹತ್ತಿಸುವವಳು ಅವಳೇ. ಜೂನ್ ತಿಂಗಳಿಂದ ಫೋನಿನಲ್ಲಿ ಕೆಲಸ ಹುಡುಕುತ್ತಿದ್ದಳು. ಒಂದೇ ಬಯೋಡೇಟಾವನ್ನು ನಲವತ್ತು ಕಡೆ ಕಳಿಸಿದಳು, ಒಬ್ಬರೂ ತಿರುಗಿ ನೋಡಲಿಲ್ಲ. ಆಮೇಲೆ ವಿಮಾನ ನಿಲ್ದಾಣದ ಕಡೆ ಇರುವ ಹೂವು ರಫ್ತು ಮಾಡುವ ಕಂಪನಿಯೊಂದರ ಸ್ವಂತ ವೆಬ್‌ಸೈಟಿಗೇ ಹೋಗಿ, ಅವರು ಕೇಳಿದ್ದೇನು ಎಂದು ಓದಿ, ಸ್ಟಾಕ್ ನೋಡಿಕೊಳ್ಳುವ ಕೆಲಸಕ್ಕೆ ಹೊಂದುವಂತೆ ಎಲ್ಲವನ್ನೂ ಹೊಸದಾಗಿ ಬರೆದಳು. ಆರು ವರ್ಷದ ಜಾಗವನ್ನು ಖಾಲಿ ಬಿಡದೆ ಡೈರಿಯ ಕೆಲಸವನ್ನು ಸೇರಿಸಿದಳು. ಮೂರು ಸಂಜೆ ಕೂತು ಬರೆದು 08-09-2025ರಂದು ಕಳಿಸಿದಳು. ನಮ್ಮ ಮನೆಯೊಳಗೆ ಅವಳ ಫೋನಿಗೆ ಸಿಗ್ನಲ್ ಸಿಗದ ಕಾರಣ ಎರಡನೇ ನಂಬರಾಗಿ ನನ್ನದನ್ನು ಹಾಕಿದಳು. ಕೇಳಿಯೇ ಹಾಕಿದಳು. ಹಾಕ್ಕೊ ಕಣವ್ವ, ನಾನು ಎತ್ತ್‌ಕೊತೀನಿ ಎಂದು ಹೇಳಿ ಮರೆತವಳು ನಾನು.

12-09-2025ರಂದು ಇದೇ ಠಾಣೆಯವರು ನಮ್ಮೂರಿಗೆ ಬಂದು, ಗೊತ್ತಿಲ್ಲದವರು ಫೋನ್ ಮಾಡಿ ಹುಟ್ಟಿದ ತಾರೀಖು ಕೇಳಿದರೆ ಹೇಳಬೇಡಿ ಎಂದು ತಿಳಿಸಿದ್ದರು. ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ.

16-09-2025ರಂದು ಬೆಳಿಗ್ಗೆ 11.10ಕ್ಕೆ ನಾನು ಹುರುಳಿ ಕೇರುತ್ತಿದ್ದಾಗ ಕರೆ ಬಂತು. ರಮ್ಯ ಹುಲ್ಲು ಕುಯ್ಯಲು ಹೋಗಿದ್ದಳು. ಒಬ್ಬ ಹುಡುಗಿ ತನ್ನ ಹೆಸರು ಮೋನಿಷಾ ಎಂದು ಹೇಳಿ ರಮ್ಯಳ ಹುಟ್ಟಿದ ತಾರೀಖು ಕೇಳಿದಳು. ಕಂಪನಿಯ ಹೆಸರನ್ನೂ ಹೇಳಿದ್ದಳಂತೆ, ಅಷ್ಟರಲ್ಲಿ ನಾನು ಶುರು ಮಾಡಿಬಿಟ್ಟಿದ್ದೆ. ಏನಮ್ಮಣ್ಣಿ, ನಿಮ್ಮವ್ವ ನಿನ್ನ ಇದಕ್ಕೇನಾ ಓದ್ಸಿದ್ದು, ನನ್ ಸೊಸೆ ಹುಟ್ಟಿದ್ದು ಕಟ್ಕೊಂಡು ನಿಂಗೇನಾಗ್ಬೇಕು ಎಂದು ನಾಲ್ಕು ನಿಮಿಷ ಬೈದೆ. 12.05ರ ಬಸ್ಸಿಗೆ ಬಂದು ದೂರು ಕೊಟ್ಟೆ. ವಾಪಸ್ ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ಹನ್ನೊಂದು ಜನಕ್ಕೆ ಈ ಸುದ್ದಿ ಹೇಳಿದ್ದೆ. ರಮ್ಯಳಿಗೆ ಯಾರೋ ಕಳ್ಳರು ಫೋನ್ ಮಾಡಿದ್ದರು ಎಂದಷ್ಟೇ ತಿಳಿಸಿದೆ. ಒಳ್ಳೆ ಕೆಲ್ಸ ಮಾಡಿದ್ರಿ ಅತ್ತೆ ಎಂದು ಪಾಪ ಅವಳೂ ಮೆಚ್ಚಿಕೊಂಡಳು.

ಈ ದಿನ ಬೆಳಿಗ್ಗೆ 9.20ಕ್ಕೆ ಅದೇ ಹುಡುಗಿ ಮತ್ತೆ ಕರೆ ಮಾಡಿ, ಹೂವಿನ ಕಂಪನಿಯಿಂದ ಎಂದೂ, ನಾಳೆ 10.30ಕ್ಕೆ ಇಂಟರ್‌ವ್ಯೂ ಇದೆ ಎಂದೂ ಹೇಳಿದಳು. ಇದು ನಿಜವೇ ಇರಬಹುದೆಂದು ನನಗೆ ಆಗಲೇ ಅನುಮಾನ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಹನ್ನೊಂದು ಜನಕ್ಕೆ ಹೇಳಿಯಾಗಿತ್ತು. ಕಂಪ್ಲೇಂಟ್ ಕೊಟ್ಟಾಗೈತೆ, ಇಡಮ್ಮಾ ಎಂದು ಕಟ್ ಮಾಡಿದೆ.

ಮಧ್ಯಾಹ್ನ 12.45ಕ್ಕೆ ಊಟಕ್ಕೆ ಕೂತಾಗ ರಮ್ಯ ಅರ್ಧ ಮುದ್ದೆ ಹಾಗೇ ಬಿಟ್ಟಳು. ಏನೆಂದು ಕೇಳಿದೆ. ನಲವತ್ತು ಕಡೆ ಸುಮ್ನೆ ಹಾಕಿದ್ದೆ ಅತ್ತೆ, ಇದೊಂದನ್ನ ಮನಸ್ಸಿಟ್ಟು ಹಾಕಿದ್ದೆ, ಇವ್ರೂ ಕರೀಲಿಲ್ಲ, ನಾನೇ ಕೆಲ್ಸಕ್ಕೆ ಬಾರದವಳೇನೋ ಎಂದು ಹೇಳಿ ಮುಂಗೈಯಲ್ಲಿ ಕಣ್ಣು ಒರೆಸಿಕೊಂಡಳು. ಆ ಹುಡುಗಿ ಎರಡು ಸಲ ಮಾಡಿದರೂ ಒಂದು ರೂಪಾಯಿ ಕೇಳಿರಲಿಲ್ಲ ಎಂಬುದು ಆಗ ಹೊಳೆಯಿತು. ಹಸುವಿಗೆ ಬೂಸಾ ತರುತ್ತೇನೆಂದು ರಮ್ಯಳಿಗೆ ಸುಳ್ಳು ಹೇಳಿ 1.30ರ ಬಸ್ ಹತ್ತಿದೆ.

ಠಾಣೆಯಲ್ಲಿ ಎಎಸ್‌ಐ ಚಿನ್ನಸ್ವಾಮಿಯವರು ಕಂಪನಿಯ ವೆಬ್‌ಸೈಟಿನಲ್ಲಿದ್ದ ನಂಬರಿಗೆ ಕರೆ ಮಾಡಿ ವಿಚಾರಿಸಿದರು. ಮೋನಿಷಾ ಅಲ್ಲಿಯವಳೇ. ರಮ್ಯಳಿಗೆ ಕೆಲಸ ಬೇಡವೆಂದು ಬರೆದು ಹೆಸರು ತೆಗೆದಿದ್ದೇವೆ, ಅವರೇ 4 ಗಂಟೆಯೊಳಗೆ ಕರೆ ಮಾಡಿದರೆ ಸೇರಿಸುತ್ತೇವೆ ಎಂದು ತಿಳಿಸಿದಳು. ಸೊಸೆಗೆ ಗೊತ್ತಾಗದಂತೆ ಸರಿಮಾಡಿಕೊಡಿ ಎಂದು ನಾನು ಬೇಡಿಕೊಂಡೆ. ಆಗುವುದಿಲ್ಲ ಎಂದು ಚಿನ್ನಸ್ವಾಮಿಯವರು ಹೇಳಿದರು. 3.10ರಿಂದ ರಮ್ಯಳಿಗೆ ಒಂಬತ್ತು ಸಲ ಕರೆ ಮಾಡಿದೆ, ಸಿಗಲಿಲ್ಲ. 3.34ಕ್ಕೆ ಅವಳು ಡೈರಿಗೆ ಬಂದ ಮೇಲೆ ಎತ್ತಿದಳು. ಎಲ್ಲವನ್ನೂ ಒಪ್ಪಿಕೊಂಡೆ. ನಂಬರ್ ಹೇಳಿ ಅತ್ತೆ ಎಂದಳು, ಬರೆದುಕೊಂಡು ಫೋನ್ ಇಟ್ಟಳು. ಆ ಹುಡುಗಿಯ ಮೇಲಿನ ದೂರನ್ನು ವಾಪಸ್ ಪಡೆಯುತ್ತೇನೆ.

ಓದಿಸಿ ಕೇಳಿದ ನಂತರ ಸೇರಿಸಿದ್ದು: 4.25ಕ್ಕೆ ರಮ್ಯ ಸ್ಕೂಟರಿನಲ್ಲಿ ಠಾಣೆಗೆ ಬಂದಳು. ನಾಳೆ 10.30ಕ್ಕೆ ಇಂಟರ್‌ವ್ಯೂ ಖಾತ್ರಿಯಾಗಿದೆ. ನಿಮ್ಮತ್ತೆ ಅಷ್ಟು ಬೈದರೂ ತಾರೀಖು ಮಾತ್ರ ಬಿಟ್ಟುಕೊಡಲಿಲ್ಲ ಎಂದು ಮೋನಿಷಾ ನಕ್ಕಳಂತೆ. ನಾನು ಕನ್ನಡಕ ಬಿಟ್ಟು ಬಂದಿದ್ದರಿಂದ ಈ ಹೇಳಿಕೆಯನ್ನು ರಮ್ಯಳೇ ನನಗೆ ಓದಿದಳು. ಮುದ್ದೆ ಬಿಟ್ಟ ಸಂಗತಿ ಬಂದಾಗ ನಿಲ್ಲಿಸಿ ನೀರು ಕುಡಿದಳು. ಆ ಹನ್ನೊಂದು ಜನಕ್ಕೂ ನಾನೇ ಹೋಗಿ ನಿಜ ಹೇಳುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದೇನೆ. ಅರ್ಜಿಯಿಂದ ನನ್ನ ನಂಬರ್ ತೆಗೆದುಹಾಕು ಎಂದೂ ಹೇಳಿದೆ. ತೆಗ್ಯಲ್ಲ ಅತ್ತೆ ಎಂದಳು.

ಮೇಲೆ ಬರೆದಿರುವುದೆಲ್ಲ ನಾನು ಹೇಳಿದಂತೆಯೇ ಇದೆ, ನಿಜವಾಗಿದೆ.

ಸ್ಥಳ: ದೇವನಹಳ್ಳಿ
ದಿನಾಂಕ: 17-09-2025, ಸಂಜೆ 4.50

ಸಹಿ: ಅಕ್ಕಯಮ್ಮ
ಓದಿ ಹೇಳಿದವರು: ರಮ್ಯ, ಸೊಸೆ