ಉಣ್ಣೆ ತುರುಕಿದ ಗಂಟೆ

ಪಿರಿನ್ ಬೆಟ್ಟದಲ್ಲಿ ಮಳೆ, ಮಂಜು ಹಿಡಿಯಿತೆಂದರೆ ಹತ್ತುವವರೂ ಇಳಿಯುವವರೂ ಸ್ಟಾನಾಜ್ಜಿಯ ಗುಡಿಸಲಿಗೇ ಬಂದು ಬೀಳಬೇಕು. ಆ ಸಂಜೆಯೂ ಮೂರ್ನಾಲ್ಕು ಮಂದಿ ಒಲೆ ಸುತ್ತ ಒದ್ದೆ ಕಾಲುಚೀಲ ಒಣಗಿಸುತ್ತ ಕೂತಿದ್ದರು. ಮರ ಕಡಿಯುವ ಕ್ರೂಮ್‌ಗೆ ಮಾತ್ರ ತಾಳ್ಮೆಯಿಲ್ಲ. ತಪ್ಪಿಸಿಕೊಂಡ ನನ್ನ ಕುರಿ ಹಿಮದ ಕೆರೆಯ ಹತ್ತಿರ ಇರಬಹುದು, ಹೋಗಿಬರುತ್ತೇನೆ ಎಂದು ಎದ್ದ. ಹಾಲು ಕಾಯಿಸುತ್ತಿದ್ದ ಅಜ್ಜಿ ಸೌಟು ತೋರಿಸಿ ಗದರಿದಳು.

"ಕೂತ್ಕೊಳ್ಳೋ, ದೊಡ್ಡ ಶೂರ! ಈ ಮಂಜಲ್ಲಿ ಆ ಕೆರೆಗೆ ಹೋಗಿಬರೋನು ಒಬ್ಬನೇ… ಅವನು ಸತ್ತು ಎಷ್ಟೋ ಕಾಲ ಆಯ್ತು.

"ವೆಲ್ಕೊ ಅಂತ, ಕುರಿ ಕಾಯೋನು. ಹೆಂಡ್ತಿ ತೀರ್ಕೊಂಡು ಇನ್ನೂ ತಿಂಗಳು ತುಂಬಿರ್ಲಿಲ್ಲ. ಸಾವಾದ ಮನೇಲಿ ನಲವತ್ತು ದಿನ ಕುರಿ ಗಂಟೆ ಬಾರಿಸ್ಬಾರ್ದು, ಉಣ್ಣೆ ತುರುಕ್ಬೇಕು, ಹಿರಿಯರು ಹಾಕಿದ ಕಟ್ಟು ಅದು, ಅಲ್ವಾ? ಇವನೂ ಮುಂದಾಳು ಟಗರಿನ ಗಂಟೆಗೆ ಉಣ್ಣೆ ತುರುಕಿ, ಮಂದೆ ಹೊಡ್ಕೊಂಡು ಕೆರೆ ದಂಡೆಗೆ ಹೋದ. ಅವನಿಗೆ ಇದ್ದದ್ದು ಒಬ್ಳೇ ಮಗಳು, ನೆಡಾ… ಚಿಕ್ಕಂದಿನಿಂದ್ಲೂ ಆ ಗಂಟೆ ಸದ್ದು ಹಿಡಿದೇ ಅಪ್ಪನ್ನ ಹುಡುಕ್ಕೊಂಡು ಹೋಗೋಳು. ಅವತ್ತೂ ಬಿಸಿ ರೊಟ್ಟಿ ಕಟ್ಕೊಂಡು ಹೊರಟ್ಳು. ಮಂಜು ಇಳೀತು. ಎಂಥಾ ಮಂಜು ಅಂತೀರಿ, ಚಾಚಿದ ಕೈ ಕಾಣಿಸ್ದು!

"'ಅಪ್ಪಾ, ಎಲ್ಲಿದ್ದೀಯ?' ಅಂತ ಕೂಗಿದ್ಳು. 'ಇಲ್ಲಿದ್ದೀನಿ, ಬಾ ಮಗಳೇ' ಅಂದ. ಅಯ್ಯೋ, ಆ ಕೆರೆ ಸುತ್ತ ಬರೀ ಬಂಡೆಗೋಡೆ ಕಣ್ರೋ! ಒಂದು ಕೂಗಿಗೆ ನಾಲ್ಕು ಕಡೆಯಿಂದ 'ಬಾ ಮಗಳೇ, ಬಾ ಮಗಳೇ'… ಅವಳು ಯಾವುದನ್ನ ಅಂತ ನಂಬ್ತಾಳೆ? ಗಂಟೆ ಬಾರಿಸೋಣ ಅಂತ ಅವನ ಕೈ ಹೋಯ್ತಂತೆ. ಸತ್ತೋಳ ಆತ್ಮಕ್ಕೆ ನೋವಾದೀತು ಅಂತ ತಡೆದ್ನಂತೆ. ಆಮೇಲೆ ನೀರಿನ ಸದ್ದಾಯ್ತು… ಒಂದೇ ಸಲ."

ಅಜ್ಜಿ ಸೆರಗಿನಂಥ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡಳು. ಕ್ರೂಮ್ ಯಾವಾಗಲೋ ಕೂತುಬಿಟ್ಟಿದ್ದ.

"ಊರೋರೆಲ್ಲ ಹುಡುಕಿದ್ರು, ಹೆಣ ಕೂಡ ಸಿಗಲಿಲ್ಲ. ಎಲ್ರೂ ಇಳಿದ್ಮೇಲೆ ವೆಲ್ಕೊ ಟಗರಿನ ಗಂಟೆ ಬಿಚ್ಕೊಂಡು, ಆ ಉಣ್ಣೆ ಕಿತ್ತೆಸೆದು, ಹುಚ್ಚು ಹಿಡಿದೋನ ಹಾಗೆ ಗಂಟೆ ಬಾರಿಸಿದ. ಆಗ ಬೆನ್ನ ಹಿಂದೆ… 'ಅಪ್ಪಾ, ಈಗ ಕೇಳಿಸ್ತು. ನಿಲ್ಲಿಸ್ಬೇಡ, ಮನೆಗೆ ಹೋಗೋಣ.' ಮಗಳ ದನಿ! ಅವನು ಬಾರಿಸ್ತಾ ಬಾರಿಸ್ತಾ ಇಳಿದ, ಹಿಂದೆ ಒದ್ದೆ ಕಾಲಿನ ಸಪ್ಪಳ. ನಾನಾಗ ಮೊಣಕಾಲುದ್ದದ ಹುಡುಗಿ, ಈ ಬಾಗಿಲಲ್ಲೇ ನಿಂತಿದ್ದೆ. ಇಲ್ಲಿಂದ ಒಂದು ತಿರುವು ದಾಟಿದ್ರೆ ಅವನ ಮನೆ. ನಮ್ಮಪ್ಪ, ಪಾಪ, ಕನಿಕರದಿಂದ್ಲೇ, 'ವೆಲ್ಕೊ, ಒಂದು ಗುಟುಕು ರಾಕಿಯಾ ಕುಡಿದು ಹೋಗಪ್ಪಾ' ಅಂತ ಕರೆದ. ಕರೆದ ಮನೆ ಮುಂದೆ ನಿಲ್ಲದೆ ಹೋಗೋ ಜನ ನಾವಲ್ಲವಲ್ಲ… ನಿಂತ. ಗಂಟೆನೂ ನಿಂತಿತು. 'ಅಪ್ಪಾ… ಗಂಟೆ ಎಲ್ಲಿ?' ಅನ್ನೋ ದನಿ, ಈ ಕಿವಿಯಿಂದ ಕೇಳಿದೀನಿ, ಮೇಲಕ್ಕೆ, ಇನ್ನೂ ಮೇಲಕ್ಕೆ ಹೋಗ್ಬಿಡ್ತು. ಇದಕ್ಕಿಂತ ಕರುಳು ಸುಡೋ ಸಂಕಟ ಉಂಟಾ? ಅವನು ಮತ್ತೆ ಕೆರೆಗೆ ಓಡಿದ, ಜೀವ ಇಟ್ಕೊಂಡು ವಾಪಸ್ ಬರ್ಲಿಲ್ಲ. ಅದಕ್ಕೇ ಹೇಳೋದು, ಮಂಜಿನ ದಿನ ದಾರೀಲಿ ಗಂಟೆ ಕೇಳಿದ್ರೆ ಬಾಯಿಗೆ ಬೀಗ ಹಾಕ್ಕೊಳ್ಳಿ. ಒಂದ್ಸಲ ಆ ಮಗೂನ ಮನೆಗೆ ಸೇರಿಸ್ಲಿ ಅವನು."

"ಅಜ್ಜಿ, ರಾಕಿಯಾ ನಿನಗೇ ಜಾಸ್ತಿಯಾಗಿದೆ!" ಕ್ರೂಮ್ ನಕ್ಕ.

ಮಳೆ ಸಣ್ಣಗಾಯಿತು. ಮೇಲಿನ ದಾರಿಯಲ್ಲಿ ಟಣ್… ಟಣ್… ಎಂದು ಸದ್ದು ಬಂತು. ಅಜ್ಜಿ ಬಾಯಿಯ ಮೇಲೆ ಬೆರಳಿಟ್ಟಳು. ಸದ್ದು ಹತ್ತಿರವಾಯಿತು, ಗುಡಿಸಲು ದಾಟತೊಡಗಿತು. ಯಾವನೋ ಬಡಪಾಯಿ ಮಳೆಯಲ್ಲಿ ನೆನೆಯುತ್ತಿದ್ದಾನೆ, ಇವರೆಲ್ಲ ಕತೆ ಕೇಳಿ ನಡುಗುತ್ತಿದ್ದಾರಲ್ಲ ಎನ್ನಿಸಿತು ಕ್ರೂಮ್‌ಗೆ. ಅವನು ಧಡಕ್ಕನೆ ಎದ್ದು ಬಾಗಿಲು ತೆಗೆದ.

"ಯಾರಪ್ಪಾ ಅದು? ನೆನೀಬೇಡ, ಒಳಗೆ ಬಾ!"

ಗಂಟೆ ನಿಂತಿತು.

ಹೊರಗೆ ಯಾರೂ ಇರಲಿಲ್ಲ. ಬಹಳ ಹೊತ್ತಿನ ಮೇಲೆ, ಬೆಟ್ಟದ ತುದಿಯಿಂದ, ಒಂದು ಹೆಣ್ಣುದನಿ ಅಪ್ಪನನ್ನು ಏನೋ ಕೇಳಿತು. ಕ್ರೂಮ್ ಅಜ್ಜಿಯ ಕಡೆ ತಿರುಗಿದ.

ಅಜ್ಜಿ ಬೈಯಲಿಲ್ಲ. ಹಾಲಿನ ಪಾತ್ರೆ ಕೆಳಗಿಳಿಸಿದಳು.

"ಬಾಗಿಲು ಹಾಕ್ಕೋ, ಮಗಾ. ಪಾಪ, ವೆಲ್ಕೊ ಮತ್ತೆ ಕೆರೆಯಿಂದ ಹೊರಡ್ಬೇಕು… ಪ್ರತಿ ಸಲಾನೂ ಯಾರೋ ಒಬ್ಬ ಒಳ್ಳೆಯೋನು ಕರೆದೇ ಕರೀತಾನೆ."