ತೂತು ಮುಚ್ಚಿದ ಬೆಳ್ಳಿ ನಾಣ್ಯದ ಕುರಿತು ಬೆಸುಗೆಯಾಕೆಯ ಹೇಳಿಕೆ

ಕೆಳಗೆ ಸಹಿ ಮಾಡಿರುವ ನಾನು, ವಯಸ್ಸು 61 ವರ್ಷ, ಕಸುಬು ಬೆಳ್ಳಿ ಬೆಸುಗೆ, ವಾಸ ಗಡಿಯಾರ ರಿಪೇರಿ ಅಂಗಡಿಯ ಮೇಲಿನ ಮನೆ, ಠಾಣೆಗೆ ಖುದ್ದಾಗಿ ಬಂದು ತಿಳಿಸುವುದೇನೆಂದರೆ:

ಕಳೆದ ತಿಂಗಳ 6ರಂದು ಬೆಳಿಗ್ಗೆ 10.30ಕ್ಕೆ ಎದುರು ಸಾಲಿನ ನಾಣ್ಯ ವ್ಯಾಪಾರಿ ಹಳೆಯ ಬೆಳ್ಳಿ ನಾಣ್ಯವೊಂದನ್ನು ತಂದರು. ಹಿಂದೆ ಯಾರೋ ಸರಕ್ಕೆ ಪೋಣಿಸಿಕೊಂಡಿದ್ದರಿಂದ ಅಂಚಿನ ಬಳಿ ಮೂರು ಮಿಲಿಮೀಟರ್ ತೂತಿತ್ತು. ತಮ್ಮ ಗಾಜಿನ ಕಪಾಟಿನಲ್ಲಿ ಇಟ್ಟುಕೊಳ್ಳಲು ಅದನ್ನು ಮುಚ್ಚಿಕೊಡಬೇಕೆಂದರು. ಮೂರು ದಿನ ಕೂತು ಬೆಳ್ಳಿ ತುಂಬಿ, ಅಂಚಿನ ಎಲೆಸಾಲಿನಲ್ಲಿ ತೂತಿನಿಂದ ಅಳಿಸಿಹೋಗಿದ್ದ ಎಲೆಯನ್ನು ಸಣ್ಣ ಉಳಿಯಿಂದ ಕೊರೆದು, 9ರಂದು ಕೊಟ್ಟೆನು.

ನಿನ್ನೆ, ಈ ತಿಂಗಳ 16ರಂದು ಸಂಜೆ 4.10ಕ್ಕೆ ನಿವೃತ್ತ ಬಸ್ ಚಾಲಕರೊಬ್ಬರು ಅದೇ ನಾಣ್ಯಕ್ಕೆ ಚೌಕಟ್ಟು ಕಟ್ಟಿಸಲು ಬಂದರು. ಎರಡು ವರ್ಷ ಹಣ ಉಳಿಸಿ ಆ ವ್ಯಾಪಾರಿಯಿಂದ ಕೊಂಡದ್ದೆಂದರು. ಜೊತೆಗಿದ್ದ ಚೀಟಿಯಲ್ಲಿ 'ಒಮ್ಮೆಯೂ ಚಲಾವಣೆಯಾಗದ್ದು, ಯಾವ ದುರಸ್ತಿಯೂ ಇಲ್ಲ' ಎಂದು ಅಚ್ಚಾಗಿತ್ತು. ತೂತು ಮುಚ್ಚಿದವಳು ನಾನೇ ಎಂದೆನು. ಅವರು ಹತ್ತು ನಿಮಿಷ ಭೂತಗನ್ನಡಿ ಹಿಡಿದು ನೋಡಿ, ಏನೂ ಕಾಣದೆ, ವ್ಯಾಪಾರಿಯ ಮೇಲೆ ನಿಮಗೆ ಹೊಟ್ಟೆಕಿಚ್ಚೇ ಎಂದು ಕೇಳಿದರು.

4.40ಕ್ಕೆ ಇಬ್ಬರೂ ನಲವತ್ತು ಹೆಜ್ಜೆ ದೂರದ ಆ ಅಂಗಡಿಗೆ ಹೋದೆವು. ಗಿರಾಕಿಗಳೆದುರು ವ್ಯಾಪಾರಿ, ವಯಸ್ಸಾಗಿ ಈಕೆಗೆ ಕಣ್ಣು ಮಂಜಾಗಿದೆ ಎಂದರು. ನಂತರ ನನ್ನನ್ನು ಮಾತ್ರ ಮೆಟ್ಟಿಲ ಬಳಿ ಕರೆದು, "ಅಕ್ಕಾ, ನೀವು ಮುಚ್ಚಿದ ತೂತು ಯಾರಪ್ಪನಿಗೂ ಸಿಗಲ್ಲ. ಸುಮ್ಮನಿದ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದರು. ಬಾಯಿ ಬಿಟ್ಟರೆ ಇನ್ನು ತಮ್ಮಿಂದ ಕೆಲಸವಿಲ್ಲವೆಂದೂ ತಿಳಿಸಿದರು. ನನ್ನ ಹತ್ತು ಕೆಲಸಗಳಲ್ಲಿ ಆರು ಅವರಿಂದಲೇ ಬರುತ್ತವೆ. ತೂತು ಯಾರಿಗೂ ಸಿಗದೆಂಬ ಅವರ ಮಾತು ಕೇಳಿ ನನಗೆ ಸಂತೋಷವಾಯಿತೆಂಬುದನ್ನು ಮುಚ್ಚಿಡುವುದಿಲ್ಲ.

ಒಳಗೆ ಹೋಗಿ, ಹೋಲಿಸಿ ನೋಡಲು ಅವರದೇ ಕಪಾಟಿನಿಂದ ನಾಣ್ಯಗಳ ಚಿತ್ರಪುಸ್ತಕ ತೆಗೆಸಿದೆನು. ಮೂಲ ನಾಣ್ಯದಲ್ಲಿ ಹನ್ನೊಂದು ಎಲೆಗಳಿದ್ದು, ಹತ್ತಕ್ಕೆ ಮೂರು ಮೂರು ನರ. ಏಳನೆಯದು ಚಿಕ್ಕದಾದ್ದರಿಂದ ಅದಕ್ಕೆ ಮಾತ್ರ ಎರಡು. ಈ ನಾಣ್ಯದ ಏಳನೆಯ ಎಲೆಗೂ ಮೂರು ಇವೆ. ತೂತಿದ್ದುದು ಅಲ್ಲೇ. ಮಾದರಿ ಇಲ್ಲದೆ, ಉಳಿದ ಎಲೆಗಳನ್ನು ನೋಡಿ ಕೊರೆದೆನು. ನಲವತ್ತು ವರ್ಷದಲ್ಲಿ ನನ್ನ ಕೈಯಿಂದಾದ ತಪ್ಪು ಇದೊಂದೇ. ಅದನ್ನು ನಾನೇ ತೋರಿಸಿಕೊಟ್ಟೆನು. ಚಾಲಕರು ಉಗುರಿಟ್ಟು ಮೂರು ಬಾರಿ ಎಣಿಸಿದರು. ನನ್ನ ಕಡೆ ತಿರುಗಿ, ತಪ್ಪಾಯಿತಮ್ಮಾ ಎಂದರು.

ಈ ಹೇಳಿಕೆಯಿಂದ ನಿಮಗೂ ತೊಂದರೆಯಾಗಬಹುದು, ಯಾರಿಗೂ ಕಾಣದ ಕೆಲಸವನ್ನು ಏಕೆ ಒಪ್ಪಿಕೊಳ್ಳುತ್ತೀರಿ ಎಂದು ಠಾಣೆಯ ಅಧಿಕಾರಿಗಳು ಕೇಳಿದರು. ನನ್ನ ಉತ್ತರವನ್ನು ಆಡಿದಂತೆಯೇ ಬರೆಯಲು ಕೋರಿದ್ದೇನೆ: "ದುರಸ್ತಿನೇ ಇಲ್ಲ ಅಂತ ಅಚ್ಚು ಹಾಕಿಸಿದಾರೆ ಸಾರ್. ಮೂರು ದಿನ ಕೂತು ಮಾಡಿದೀನಿ. ಇಲ್ಲ ಅಂದ್ರೆ ಹೇಗೆ?"

ಇದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಹೇಳಿದ್ದೆಲ್ಲ ನಿಜ.

ಸ್ಥಳ: ಠಾಣೆಯ ಬರಹಗಾರರ ಕೊಠಡಿ
ದಿನಾಂಕ: ಈ ತಿಂಗಳ 17, ಬೆಳಿಗ್ಗೆ 11.50
(ಸಹಿ) ಬೆಸುಗೆ ಮಾಡಿದವಳು